ಬಾಡಿದ ಆರ್ಕಿಡ್‌ನ ಬೇರು ಬಿಡಿಸಿದಾಗ

ಆರ್ಕಿಡ್‌ನ ಎಲೆ ಸುಕ್ಕುಗಟ್ಟಿ ಜೋತುಬಿತ್ತು ಅಂದರೆ ಎಲ್ಲರ ಕೈಯೂ ಮೊದಲು ಹೋಗುವುದು ನೀರಿನ ತಂಬಿಗೆಯ ಕಡೆಗೆ. ಬಾಗಲಕೋಟೆಯಂಥ ಊರಲ್ಲಿ ಅದು ಸಹಜವೇ. ಏಪ್ರಿಲ್, ಮೇ ಬಂತೆಂದರೆ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ವರ್ಷವಿಡೀ ಬಿದ್ದ ಮಳೆ ಕೂಡಿಸಿದರೂ 600 ಮಿಲಿಮೀಟರ್ ಮುಟ್ಟುವುದು ಕಷ್ಟ. ಬಾಡಿದ್ದಕ್ಕೆಲ್ಲ ನೀರು ಹಾಕಬೇಕು ಅನ್ನುವುದನ್ನು ನಾವು ಚಿಕ್ಕಂದಿನಿಂದಲೇ ಕಲಿತಿದ್ದೇವೆ. ತುಳಸಿಗೆ, ದಾಸವಾಳಕ್ಕೆ, ಮಲ್ಲಿಗೆಗೆ ಆ ಲೆಕ್ಕ ಸರಿ. ಆರ್ಕಿಡ್‌ಗೆ ಬಂದಾಗ ಅದೇ ಲೆಕ್ಕ ಗಿಡದ ಜೀವ ತೆಗೆಯುತ್ತದೆ. ನಾನು ಇಲ್ಲಿ ನೋಡಿದ ಬಾಡಿದ ಆರ್ಕಿಡ್‌ಗಳಲ್ಲಿ ಜಾಸ್ತಿ ಗಿಡಗಳು ಬಾಯಾರಿದ್ದವು, ನಿಜ. ಆದರೆ ತೊಯ್ದು ತೊಪ್ಪೆಯಾದ ಕುಂಡದಲ್ಲಿ ಕೂತುಕೊಂಡೇ ಬಾಯಾರಿದ್ದವು.

ಪಕ್ಕದ ಮನೆ ವೈನಿಯವರ ಗಿಡವೂ ಅಂಥದ್ದೇ. ಗೃಹಪ್ರವೇಶಕ್ಕೆ ಬಳಗದವರೊಬ್ಬರು ಕೊಟ್ಟ ಫೆಲನಾಪ್ಸಿಸ್. ಈಗ ಉಡುಗೊರೆ ಅಂಗಡಿಗಳಲ್ಲಿ, ನರ್ಸರಿಗಳಲ್ಲಿ ಸಿಗುವ ಆರ್ಕಿಡ್ ಬಹುಪಾಲು ಇದೇ ಜಾತಿ. ಅಗಲ ಎಲೆ, ಉದ್ದ ದಂಟು, ದಂಟಿನ ತುಂಬ ನೇರಳೆ ಬಣ್ಣದ ಚಪ್ಪಟೆ ಹೂವು. ಹೂವು ತಿಂಗಳುಗಟ್ಟಲೆ ಬಾಡದೆ ನಿಂತಿದ್ದವು. ಬಂದವರೆಲ್ಲ ಪ್ಲಾಸ್ಟಿಕ್ ಹೂವೇನು ಅಂತ ಮುಟ್ಟಿ ನೋಡಿ ಹೋಗುತ್ತಿದ್ದರು. ಹೂವು ಉದುರಿದ ಮೇಲೆ ಎಲೆಗಳು ಒಂದೊಂದಾಗಿ ಮೆತ್ತಗಾದವು. ವೈನಿಯವರು ಗಿಡವನ್ನು ನಮ್ಮ ಕಟ್ಟೆಯ ಮೇಲೆ ತಂದಿಟ್ಟು, "ದಿನಾ ಮುಂಜಾನೆ ಒಂದ್ ತಂಬಿಗಿ ನೀರ ಹಾಕತೀನ್ರಿ. ಆದ್ರೂ ಎಲಿ ಬಾಡಾಕತ್ತಾವ. ಇದಕ್ಕ ಇನ್ನ ಏನ್ ಕಡಿಮಿ ಆಗೈತಿ ನೋಡ್ರಿ" ಅಂದರು. ಅವರ ದನಿಯಲ್ಲಿ ನಿಜವಾದ ಸಂಕಟ ಇತ್ತು. ಅಷ್ಟು ಅಕ್ಕರೆಯಿಂದ ನೋಡಿಕೊಂಡ ಗಿಡ ಕಣ್ಣೆದುರೇ ಸೋಲುತ್ತಿದ್ದರೆ ಯಾರಿಗೆ ತಾನೆ ಸಂಕಟ ಆಗುವುದಿಲ್ಲ?

ಆ ಗಿಡಕ್ಕೆ ಕಡಿಮೆಯಾಗಿದ್ದದ್ದು ಗಾಳಿ. ಎಲೆಗಲ್ಲ, ಬೇರಿಗೆ.

ಫೆಲನಾಪ್ಸಿಸ್ ನೆಲದ ಗಿಡವೇ ಅಲ್ಲ. ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆಯ ಮಳೆಕಾಡುಗಳಲ್ಲಿ ಮರದ ಕೊಂಬೆಯನ್ನು ಅಪ್ಪಿ ಹಿಡಿದು ಬೆಳೆಯುತ್ತದೆ. 1825ರಲ್ಲಿ ಇದಕ್ಕೆ ಈ ಹೆಸರು ಕೊಟ್ಟ ಸಸ್ಯವಿಜ್ಞಾನಿ ಬ್ಲೂಮ್ ಕೂಡ ಜಾವಾ ದ್ವೀಪದ ಕಡೆ ಕೆಲಸ ಮಾಡಿದವರು. ಇದರ ಒಂದು ಬಿಳಿ ಜಾತಿ ಇಂಡೋನೇಷ್ಯಾದ ರಾಷ್ಟ್ರೀಯ ಹೂವುಗಳಲ್ಲಿ ಒಂದು. ಮರದ ಮೇಲೆ ಬೆಳೆದರೂ ಇದು ಬಂದಳಿಕೆ ಅಲ್ಲ. ಮರದ ರಸ ಹೀರುವುದಿಲ್ಲ. ಮರ ಇದಕ್ಕೆ ಕೂರುವ ಜಾಗ ಅಷ್ಟೇ. ಮಳೆ ಬಂದಾಗ ಬೇರು ತೊಯ್ಯುತ್ತದೆ, ನೀರು ಇಳಿದು ಹೋಗುತ್ತದೆ, ಆಮೇಲೆ ಗಾಳಿಗೆ ಒಣಗುತ್ತದೆ. ಈ ತೊಯ್ಯುವುದು, ಒಣಗುವುದು ಎರಡೂ ಅದಕ್ಕೆ ಬೇಕು. ಅದಕ್ಕಾಗಿಯೇ ಬೇರಿನ ಸುತ್ತ ವೆಲಮೆನ್ ಅನ್ನುವ ಒಂದು ದಪ್ಪ ಹೊದಿಕೆ ಇದೆ. ಸತ್ತ ಕೋಶಗಳಿಂದಾದ ಈ ಹೊದಿಕೆ ಸ್ಪಂಜಿನ ಹಾಗೆ ನೀರನ್ನು ಗಬಕ್ಕನೆ ಎಳೆದುಕೊಂಡು, ಒಳಗಿನ ಬೇರಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಒಣಗಿದಾಗ ಬೆಳ್ಳಿ ಬೂದು ಬಣ್ಣ. ತೊಯ್ದಾಗ ಕಣ್ಣೆದುರೇ ಹಸಿರಾಗುತ್ತದೆ. ನೀರು ಬೇಕೋ ಬೇಡವೋ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಇನ್ನೊಂದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಈ ಗಿಡ ಬರುವುದು ಸುಮ್ನೆ ಅಲ್ಲ.

ಈ ಹೊದಿಕೆ ಸದಾ ಒದ್ದೆಯಾಗಿದ್ದರೆ ಒಳಗಿನ ಬೇರಿಗೆ ಉಸಿರಾಡಲು ಆಗುವುದಿಲ್ಲ. ಬೇರು ಸಾಯುತ್ತದೆ. ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ, ಅದು ಪಕ್ಕದ ಬೇರಿಗೂ ಹಬ್ಬುತ್ತದೆ. ಬೇರೇ ಇಲ್ಲದ ಮೇಲೆ ಕುಂಡದಲ್ಲಿ ಎಷ್ಟು ನೀರಿದ್ದರೇನು? ಎಲೆಗೆ ಒಂದು ಹನಿಯೂ ಏರುವುದಿಲ್ಲ. ಎಲೆ ಸುಕ್ಕಾಗುತ್ತದೆ. ನೀರು ಹಾಕದೆ ಮರೆತ ಗಿಡದ ಎಲೆಯೂ ಹೀಗೇ ಸುಕ್ಕಾಗುತ್ತದೆ. ಕಾರಣ ಪೂರಾ ಉಲ್ಟಾ, ಆದರೆ ಎಲೆಯ ಮೇಲೆ ಕಾಣುವುದು ಒಂದೇ. ಅದಕ್ಕೇ ನಾನು ಯಾರು ಕೇಳಿದರೂ ಹೇಳುವುದು ಇಷ್ಟೇ: ಎಲೆ ನೋಡಿ ಔಷಧ ಮಾಡಬೇಡಿ, ಕುಂಡದಿಂದ ಗಿಡ ತೆಗೆದು ಬೇರು ನೋಡಿ.

ವೈನಿಯವರ ಗಿಡ ಬಿಳಿ ಪಿಂಗಾಣಿ ಕುಂಡದಲ್ಲಿತ್ತು. ನೋಡಲು ಚೆಂದ, ಕೆಳಗೆ ಒಂದು ತೂತೂ ಇಲ್ಲ. ಒಳಗಿನ ಪ್ಲಾಸ್ಟಿಕ್ ಕುಂಡ ಎತ್ತಿದಾಗ ತಳದಲ್ಲಿ ಎರಡು ಬೆರಳಷ್ಟು ಹಳೇ ನೀರು ನಿಂತಿತ್ತು. ಕೆಸರಿನ ವಾಸನೆ. ಪ್ಲಾಸ್ಟಿಕ್ ಕುಂಡವನ್ನು ಮೆಲ್ಲಗೆ ಹಿಂಡಿ ಗಿಡವನ್ನು ಹೊರಗೆ ತೆಗೆದೆ. ಹೊರಗಿನ ಸುತ್ತಲಿನ ತೊಗಟೆ ಚೂರುಗಳು ಅಷ್ಟೇನೂ ಕೆಟ್ಟಿರಲಿಲ್ಲ. ಕೇಡು ಇದ್ದದ್ದು ನಟ್ಟನಡುವೆ. ಪಾಲಿಹೌಸ್‌ನಲ್ಲಿ ಸಸಿ ಚಿಕ್ಕದಿದ್ದಾಗ ಅದರ ಬೇರಿನ ಸುತ್ತ ನೀರು ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿಯನ್ನು ಗಟ್ಟಿಯಾಗಿ ಸುತ್ತಿ ಉಂಡೆ ಮಾಡಿರುತ್ತಾರೆ. ಗಿಡ ದೊಡ್ಡದಾದಾಗ ಆ ಉಂಡೆ ಸಮೇತ ದೊಡ್ಡ ಕುಂಡಕ್ಕೆ ಇಳಿಸುತ್ತಾರೆ. ಮೇಲಿನ ತೊಗಟೆ ಒಣಗಿದಂತೆ ಕಂಡರೂ ನಡುವಿನ ಉಂಡೆ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಮೇಲೆ ಬೆರಳಿಟ್ಟು ನೋಡುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಚಿಮಟ ಹಿಡಿದು ಆ ಉಂಡೆಯನ್ನು ಎಳೆ ಎಳೆಯಾಗಿ ಬಿಡಿಸಿದೆ. ಕಪ್ಪಾಗಿ, ಬೆರಳಿಗೆ ಅಂಟುವಂತಾಗಿತ್ತು. ಅದರೊಳಗಿನ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಕಂದು ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ತೆಳ್ಳನೆಯ ನಾರು ಮಾತ್ರ ಗಿಡದಲ್ಲಿ ಉಳಿಯಿತು. ಹೀಗೆ ಸಿಪ್ಪೆ ಜಾರಿದರೆ ಆ ಬೇರು ಕೊಳೆತು ಸತ್ತಿದೆ ಅಂತಲೇ ಲೆಕ್ಕ. ನೀರಿಲ್ಲದೆ ಸತ್ತ ಬೇರು ಬೇರೆ ಥರ ಇರುತ್ತದೆ. ಅದು ಹಗುರ, ಪೊಳ್ಳು, ಒತ್ತಿದರೆ ಕಾಗದದಂತೆ ಚಪ್ಪಟೆಯಾಗುತ್ತದೆ, ವಾಸನೆ ಇರುವುದಿಲ್ಲ. ಬದುಕಿದ ಬೇರು ಒತ್ತಿದರೆ ಗಟ್ಟಿ. ಬಣ್ಣ ನೋಡಿ ಮೋಸ ಹೋಗಬಾರದು. ತೊಗಟೆ ತಾಗಿ ಹಳದಿಯಾದ ಬೇರೂ ಗಟ್ಟಿಯಾಗಿದ್ದರೆ ಜೀವಂತವೇ. ಅನುಮಾನ ಬಂದರೆ ನೀರಲ್ಲಿ ಹತ್ತು ನಿಮಿಷ ಬಿಡಿ. ಹಸಿರು ಬಂದರೆ ಇಟ್ಟುಕೊಳ್ಳಿ.

ಆಮೇಲೆ ಕತ್ತರಿ ಕೆಲಸ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು, ಇಲ್ಲವೇ ಗ್ಯಾಸಿನ ಉರಿಯಲ್ಲಿ ಕಾಯಿಸಬೇಕು. ನಮ್ಮ ಜಿಲ್ಲೆಯ ದಾಳಿಂಬೆ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದುಂಡಾಣು ಅಂಗಮಾರಿ ರೋಗ ತೋಟಕ್ಕೆ ತೋಟವನ್ನೇ ಹಾಳು ಮಾಡಿದ್ದನ್ನು ನೋಡಿದವರು, ಒಂದು ಗಿಡ ಕತ್ತರಿಸಿದ ಕತ್ತರಿಯನ್ನು ತೊಳೆಯದೆ ಇನ್ನೊಂದಕ್ಕೆ ಮುಟ್ಟಿಸುವುದಿಲ್ಲ. ಆರ್ಕಿಡ್‌ಗೂ ಅದೇ ಶಿಸ್ತು ಬೇಕು. ಕೊಳೆತದ್ದನ್ನೆಲ್ಲ ತೆಗೆದಾಗ ವೈನಿಯವರ ಗಿಡದಲ್ಲಿ ಉಳಿದದ್ದು ಬೆರಳೆಣಿಕೆಯ ಬೇರು. "ಇಷ್ಟ ಬೇರ ಕತ್ತರಿಸಿದ್ರ ಉಳಿತೈತೇನ್ರಿ?" ಅಂತ ಅವರು ಗಾಬರಿಯಾದರು. ಕೊಳೆತ ಬೇರು ಗಿಡಕ್ಕೆ ಏನೂ ಕೊಡುವುದಿಲ್ಲ, ಉಳಿದ ಬೇರಿಗೆ ರೋಗ ಕೊಡುತ್ತದೆ. ತೆಗೆಯಲು ಹಿಂದೆಮುಂದೆ ನೋಡಲೇಬಾರದು.

ಕತ್ತರಿಸಿದ ಜಾಗಕ್ಕೆ ದಾಲ್ಚಿನ್ನಿ ಪುಡಿ ಹಚ್ಚುವ ರೂಢಿ ಇದೆ. ಗಾಯ ಬೇಗ ಒಣಗುತ್ತದೆ, ಒಳ್ಳೆಯದೇ. ಆದರೆ ಗಾಯದ ತುದಿಗೆ ಮಾತ್ರ. ಪ್ರೀತಿಯಿಂದ ಇಡೀ ಬೇರಿಗೆ ಬಳಿದರೆ ಅದೇ ಪುಡಿ ಒಳ್ಳೆಯ ಬೇರನ್ನೂ ಒಣಗಿಸಿಬಿಡುತ್ತದೆ. ಹಚ್ಚಿದ ಮೇಲೆ ಕೆಲವು ತಾಸು ನೆರಳಲ್ಲಿ, ಗಾಳಿಯಾಡುವ ಕಡೆ ಸುಮ್ನೆ ಇಟ್ಟುಬಿಡಬೇಕು.

ಮತ್ತೆ ಕುಂಡಕ್ಕೆ ಇಳಿಸುವಾಗ ಮಣ್ಣು ಬೇಡವೇ ಬೇಡ. ಎರೆಮಣ್ಣಂತೂ ಅದರ ಪಾಲಿಗೆ ಯಮ. ಪೈನ್ ಮರದ ತೊಗಟೆ, ಕಟ್ಟಿಗೆ ಇದ್ದಲಿ, ಮೇಲೆ ಸ್ವಲ್ಪ ಪಾಚಿ. ಪುಸ್ತಕದಲ್ಲಿ ಬರೀ ತೊಗಟೆ ಸಾಕು ಅಂತ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಬರೀ ತೊಗಟೆ ಮುಂಜಾನೆ ತೊಯ್ದರೆ ಸಂಜೆಗೆಲ್ಲ ಒಣಗಿ ಹೋಗುತ್ತದೆ. ಹಾಗಾಗಿ ಸ್ವಲ್ಪ ಪಾಚಿ ಬೆರೆಸುವುದು ಇಲ್ಲಿಗೆ ಸರಿ ಅಂತ ನನ್ನ ಅಭಿಪ್ರಾಯ. ತೊಗಟೆ ಸಿಗದಿದ್ದರೆ ತೆಂಗಿನ ಸಿಪ್ಪೆಯ ದಪ್ಪ ಚೂರುಗಳೂ ಆಗುತ್ತವೆ. ಅದರಲ್ಲಿ ಉಪ್ಪಿನಂಶ ಇರುತ್ತದೆ, ಒಂದೆರಡು ದಿನ ನೆನೆಸಿ ನೀರು ಬದಲಿಸುತ್ತ ತೊಳೆದು ಬಳಸಬೇಕು. ಕುಂಡ ಬೇರು ಹಿಡಿಸುವಷ್ಟೇ ಚಿಕ್ಕದಿರಲಿ. ಗಿಡ ಚೇತರಿಸಿಕೊಳ್ಳಲಿ ಅಂತ ದೊಡ್ಡ ಕುಂಡ ಕೊಟ್ಟರೆ ನಡುಭಾಗ ಮತ್ತೆ ಒಣಗುವುದಿಲ್ಲ. ಪಿಂಗಾಣಿ ಕುಂಡವನ್ನು ವೈನಿಯವರು ಈಗ ಸೌಟು ಇಡಲು ಬಳಸುತ್ತಿದ್ದಾರೆ.

ಇನ್ನು ನೀರು. ಈ ಭಾಗದಲ್ಲಿ ಆರ್ಕಿಡ್ ಸಾಕುವವರು ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಇದರ ಬಗ್ಗೆ. ಬಾಗಲಕೋಟೆಯ ತಗ್ಗಿನ ಭಾಗ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಎದ್ದ ಊರು ನಮ್ಮ ನವನಗರ. ಊರಿನ ಪಕ್ಕದಲ್ಲೇ ಸಮುದ್ರದಷ್ಟು ಸಿಹಿ ನೀರು ನಿಂತಿದೆ. ಆದರೂ ಬಳಕೆಗೆ ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ಲೇ ಗತಿ. ಆ ನೀರು ಸವಳು. ಬಕೆಟ್ಟಿನ ಒಳಮೈಗೆ, ನಲ್ಲಿಯ ಬಾಯಿಗೆ, ಗೀಸರ್ ಕಾಯಿಲ್‌ಗೆ ಬಿಳಿ ಪದರು ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಪದರು ಆರ್ಕಿಡ್‌ನ ಬೇರಿನ ಮೇಲೂ ಕಟ್ಟುತ್ತದೆ. ಮರದ ಮೇಲೆ ಬರೀ ಮಳೆನೀರು ಕುಡಿದು ಬೆಳೆಯುವ ಗಿಡ ಅದು. ಉಪ್ಪು ತಡೆಯುವ ಶಕ್ತಿ ಅದಕ್ಕೆ ತೀರಾ ಕಡಿಮೆ. ಬೇರಿನ ಸುತ್ತ ಉಪ್ಪು ಜಾಸ್ತಿಯಾದರೆ ನೀರು ಒಳಗೆ ಹೋಗುವ ಬದಲು ಹೊರಗೆ ಎಳೆಯಲ್ಪಡುತ್ತದೆ. ಬೇರಿನ ತುದಿ ಕಪ್ಪಾಗಿ ಸುಡುತ್ತದೆ, ಎಲೆಯ ತುದಿಯೂ ಕರಕಾಗುತ್ತದೆ. ಕುಂಡದ ಅಂಚಿನಲ್ಲಿ, ತೊಗಟೆಯ ಮೇಲೆ ಬಿಳಿ ಪುಡಿ ಕಂಡರೆ ಕಾಯಿಲೆ ನೀರಿನದೇ ಅಂತ ತಿಳಿಯಿರಿ.

ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಅಳೆಯುವ ಟಿಡಿಎಸ್ ಮೀಟರ್ ಈಗ ಕಡಿಮೆ ಬೆಲೆಗೆ ಸಿಗುತ್ತದೆ. 200ರ ಒಳಗಿದ್ದರೆ ಆರ್ಕಿಡ್‌ಗೆ ಆರಾಮ. ನಮ್ಮ ಬೋರ್ ನೀರು ಅದರ ಎಷ್ಟೋ ಪಟ್ಟು ತೋರಿಸುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರು, ಇಲ್ಲವೇ ಮನೆಯ ಆರ್‌ಒ ನೀರು ಆಗುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕುವವರು ಇದ್ದಾರೆ. ಆ ನೀರಲ್ಲಿ ಉಪ್ಪು ಇನ್ನೂ ಜಾಸ್ತಿ, ಆರ್ಕಿಡ್‌ಗೆ ಅದನ್ನು ತೋರಿಸಲೂ ಬಾರದು. ಎಲ್ಲಕ್ಕಿಂತ ಮೇಲು ಮಳೆನೀರು. ಮಳೆ ಶುರುವಾಗಿ ಮಾಳಿಗೆಯ ಧೂಳೆಲ್ಲ ತೊಳೆದು ಹೋದ ಮೇಲೆ ಹಿಡಿದು, ಡ್ರಮ್ಮಿನಲ್ಲಿ ಮುಚ್ಚಿಟ್ಟರೆ ಬೇಸಿಗೆಯವರೆಗೂ ಬರುತ್ತದೆ. ಒಂದೆರಡು ಕುಂಡಕ್ಕೆ ಎಷ್ಟು ನೀರು ಬೇಕು, ಅಲ್ವಾ?

ಹಾಕುವ ರೀತಿಯೂ ಬೇರೆ. ದಿನಾ ತಂಬಿಗೆ ನೀರು ಸುರಿಯುವ ಬದಲು ಬೇರು ಬೆಳ್ಳಿ ಬಣ್ಣಕ್ಕೆ ತಿರುಗುವ ತನಕ ಕಾಯಬೇಕು. ಆಮೇಲೆ ಕುಂಡವನ್ನೇ ಬುಟ್ಟಿಯ ನೀರಲ್ಲಿ ಹತ್ತು ಹದಿನೈದು ನಿಮಿಷ ಅದ್ದಿ, ಎತ್ತಿ, ಪೂರ್ತಿ ಸೋರಲು ಬಿಡಬೇಕು. ಮುಂಜಾನೆ ಮಾಡಿದರೆ ಒಳ್ಳೆಯದು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಹತ್ತಿ ಬಟ್ಟೆಯಿಂದ ಒರೆಸಿಬಿಡಬೇಕು. ಸುಳಿ ಕೊಳೆತರೆ ಈ ಗಿಡಕ್ಕೆ ಬೇರೆ ದಾರಿ ಇಲ್ಲವೇ ಇಲ್ಲ ಅನ್ನುವಷ್ಟು ಕಷ್ಟ. ಏಕೆಂದರೆ ಅದು ಬೆಳೆಯುವುದು ಆ ಒಂದೇ ತುದಿಯಿಂದ.

ಬೇರು ಕಡಿಮೆ ಇರುವ ಗಿಡಕ್ಕೆ ಗಾಳಿಯ ತೇವ ಬೇಕು. ಇದು ನಮ್ಮೂರಲ್ಲಿ ದೊಡ್ಡ ತೊಡಕು. ಎಲೆಗೆ ನೀರು ಚಿಮುಕಿಸುವುದರಿಂದ ಆಗುವ ಲಾಭ ಕೆಲವು ನಿಮಿಷದ್ದು, ಸುಳಿಯಲ್ಲಿ ನೀರು ನಿಲ್ಲುವ ಅಪಾಯವೇ ಜಾಸ್ತಿ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಅದರ ಬದಲು ಗಿಡವನ್ನು ನೀರಿನ ಹರವಿ ಇಡುವ ಕಡೆ, ನಾಲ್ಕಾರು ಬೇರೆ ಕುಂಡಗಳ ನಡುವೆ ಇಡಬಹುದು. ಬೇಸಿಗೆಯಲ್ಲಿ ಕೂಲರ್ ಇರುವ ಕೋಣೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹುಲ್ಲಿನ ಪ್ಯಾಡ್ ಮೂಲಕ ಬರುವ ಗಾಳಿ ತಂಪೂ ಹೌದು, ತೇವವೂ ಹೌದು. ನೇರ ಎದುರಿಗೆ ಬೇಡ, ಒಂದು ಬದಿಗಿರಲಿ. ಎಸಿ ಕೋಣೆ ಬೇಡ, ಅದು ಗಾಳಿಯ ತೇವವನ್ನು ತೆಗೆದುಬಿಡುತ್ತದೆ.

ಇಲ್ಲಿ ಇನ್ನೊಂದು ವಿಷಯ ಗೊತ್ತಿದ್ದರೆ ಒಳ್ಳೆಯದು. ಫೆಲನಾಪ್ಸಿಸ್ ತನ್ನ ಎಲೆಯ ರಂಧ್ರಗಳನ್ನು ಮುಖ್ಯವಾಗಿ ರಾತ್ರಿ ತೆರೆಯುತ್ತದೆ. ಪಾಪಾಸುಕಳ್ಳಿ, ಅನಾನಸ್ ಕೂಡ ಹೀಗೇ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ರಾತ್ರಿ ಎಳೆದುಕೊಂಡು, ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬೆಳಕು ಬಂದಾಗ ಆಹಾರ ಮಾಡಿಕೊಳ್ಳುತ್ತದೆ. ಹಗಲಿನ ಉರಿಗಾಳಿಗೆ ಬಾಗಿಲು ಮುಚ್ಚಿಕೊಳ್ಳುವ ಗಿಡಕ್ಕೆ ರಾತ್ರಿಯ ಗಾಳಿ ತುಂಬಾ ಮುಖ್ಯ. ಮೇ ತಿಂಗಳಲ್ಲಿ ನಮ್ಮ ಆರ್‌ಸಿಸಿ ಮನೆಗಳು ಮಧ್ಯರಾತ್ರಿಯವರೆಗೂ ಕಾವು ಬಿಡುತ್ತಿರುತ್ತವೆ. ಹಳೇ ಊರಿನ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಇಂಥ ಗಿಡ ಎಷ್ಟು ಸುಖವಾಗಿ ಇರುತ್ತಿತ್ತೋ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಈಗಿನ ಮನೆಯಲ್ಲಿ ಸಂಜೆ ಹೊತ್ತು ನೆಲಕ್ಕೆ ನೀರು ಹಾಕಿ ಒರೆಸಿದರೂ ಗಿಡಕ್ಕೆ ಸ್ವಲ್ಪ ಸಮಾಧಾನ.

ಬೇರಿನ ತಂಟೆ ಬಿಟ್ಟರೆ ಉಳಿದ ಕಾಯಿಲೆಗಳು ಇಲ್ಲಿ ಕಡಿಮೆ. ತೀರಾ ಕೆಳಗಿನ ಒಂದು ಹಳೇ ಎಲೆ ಹಳದಿಯಾದರೆ ಅದು ವಯಸ್ಸಿನದು, ಬಿಟ್ಟುಬಿಡಿ. ಎಲೆಯ ನಡುವೆ ಬಿಳಿಚಿದ ಒಣ ಮಚ್ಚೆ ಬಿದ್ದು ಅಲ್ಲೇ ನಿಂತರೆ ಬಿಸಿಲಿನ ಸುಟ್ಟಗಾಯ. ನೀರು ತುಂಬಿದಂಥ ಮಚ್ಚೆ ಒಂದೇ ದಿನದಲ್ಲಿ ಹಬ್ಬುತ್ತಿದ್ದರೆ ಅದು ಬ್ಯಾಕ್ಟೀರಿಯಾ ಕೊಳೆ. ಆ ಭಾಗವನ್ನು ಒಳ್ಳೆಯ ಎಲೆ ಸ್ವಲ್ಪ ಸೇರಿಸಿಯೇ ತಡಮಾಡದೆ ಕತ್ತರಿಸಬೇಕು, ಗಿಡವನ್ನು ಬೇರೆ ಗಿಡಗಳಿಂದ ದೂರ ಇಡಬೇಕು. ಎಲೆಯ ಕಂಕುಳಲ್ಲಿ ಬಿಳಿ ಹಿಟ್ಟು ತಿಗಣೆ ಕಂಡರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು, ವಾರಕ್ಕೊಮ್ಮೆ ಮತ್ತೆ ನೋಡಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವುದು ಕಾಯುವ ಕೆಲಸ. ನನ್ನ ಪ್ರಕಾರ ಕಷ್ಟದ್ದು ಇದೇ. ಸುಕ್ಕಾದ ಹಳೇ ಎಲೆ ಮತ್ತೆ ಮೊದಲಿನಷ್ಟು ನೆಟ್ಟಗಾಗುವುದು ಅಪರೂಪ. ಅದನ್ನು ದಿನಾ ನೋಡುತ್ತ ಕೂತರೆ ಗಿಡ ಸುಧಾರಿಸುತ್ತಿಲ್ಲ ಅಂತಲೇ ಅನಿಸುತ್ತದೆ. ನೋಡಬೇಕಾದದ್ದು ಕಾಂಡದ ಬುಡ. ವೈನಿಯವರ ಗಿಡ ಬೇಸಿಗೆಯಿಡೀ ಇದ್ದ ಹಾಗೇ ಇತ್ತು. ಗೊಬ್ಬರ ಹಾಕೋಣವೇ ಅಂತ ಅವರು ಕೇಳುತ್ತಲೇ ಇದ್ದರು. ದ್ರಾಕ್ಷಿ ತೋಟಕ್ಕೆ ಡ್ರಿಪ್‌ನಲ್ಲಿ ಬಿಡುವ 19:19:19 ಗೊಬ್ಬರ ಅವರ ಮನೆಯಲ್ಲೇ ಇತ್ತು. ಹೀರಲು ಬೇರಿಲ್ಲದಾಗ ಗೊಬ್ಬರ ಹಾಕಿದರೆ ಅದೂ ಉಪ್ಪೇ. ಬೇಡ ಅಂದೆ. ಮಳೆಗಾಲ ಹಿಡಿದು ಗಾಳಿ ತಂಪಾದ ಮೇಲೆ, ಕೆಳಗಿನ ಎಲೆಯ ಬುಡವನ್ನು ಸೀಳಿಕೊಂಡು ಒಂದು ಬೇರು ಹೊರಗೆ ಬಂತು. ಅಕ್ಕಿಕಾಳಿನಷ್ಟು, ಹಸಿರು, ತುದಿ ಮಿರಿಮಿರಿ ಮಿಂಚುತ್ತಿತ್ತು. ಆಮೇಲೆ ಇನ್ನೊಂದು. ಬೇರು ಒಂದು ಬೆರಳುದ್ದ ಆದ ಮೇಲೆ ಲೀಟರಿಗೆ ಅರ್ಧ ಗ್ರಾಂ ಗೊಬ್ಬರ, ಅದೂ ಎರಡು ವಾರಕ್ಕೊಮ್ಮೆ. ದಸರೆ ಹೊತ್ತಿಗೆ ಹೊಸ ಎಲೆ ಸುಳಿಯಿಂದ ತಲೆ ಹಾಕಿತು.

ತೋಟಗಾರಿಕೆ ವಿಶ್ವವಿದ್ಯಾಲಯ ಇರುವ ಊರು ನಮ್ಮದು. ದ್ರಾಕ್ಷಿ, ದಾಳಿಂಬೆ, ಚಿಕ್ಕು ಬಗ್ಗೆ ಕೇಳಿದರೆ ಓಣಿಗೊಬ್ಬರು ತಿಳಿದವರು ಸಿಗುತ್ತಾರೆ. ಆರ್ಕಿಡ್ ಮಾತ್ರ ಇನ್ನೂ ನಮಗೆ ಹೊಸಬ. ಆದರೆ ಆರ್ಕಿಡ್ ಅಂದರೆ ಪೂರಾ ಪರದೇಶದ ಸೊತ್ತೇನೂ ಅಲ್ಲ. ಬೆಳಗಾವಿ ದಾಟಿ ಖಾನಾಪುರದ ಕಾಡಿನ ಕಡೆ ಹೋದರೆ ಮಳೆ ಶುರುವಾಗುವ ಹೊತ್ತಿಗೆ ಮರಗಳ ಮೇಲೆ ಸೀತಾಳೆ ದಂಡೆ ಅರಳಿ ಇಳಿಬಿದ್ದಿರುತ್ತದೆ. ಅಸ್ಸಾಮಿನ ರಾಜ್ಯ ಹೂವು ಅದೇ. ಅದನ್ನು ಕಂಡು ಆಸೆಪಟ್ಟು ಮರದಿಂದ ಕಿತ್ತು ತರುವವರಿದ್ದಾರೆ. ದಯವಿಟ್ಟು ಬೇಡ. ಕಾಡಿನ ತೇವ ಬಿಟ್ಟು ಇಲ್ಲಿನ ಕಿಟಕಿಗೆ ಬಂದ ಗಿಡ ಬಾಳುವುದು ತೀರಾ ಕಷ್ಟ, ಕಾಡಿಗೂ ಒಂದು ಗಿಡ ಕಡಿಮೆ. ಆದರೆ ಅದರ ಬೇರನ್ನು ಒಮ್ಮೆ ನೋಡಿ ಬನ್ನಿ. ತೊಗಟೆಯ ಮೇಲೆ ಬರೀ ಮೈಯಲ್ಲಿ ಹರಡಿಕೊಂಡಿರುವ ಆ ಬೇರನ್ನು ನೋಡಿದ ಯಾರೂ ಆಮೇಲೆ ಆರ್ಕಿಡ್‌ಗೆ ದಿನಾ ನೀರು ಸುರಿಯುವುದಿಲ್ಲ.

ಡಿಸೆಂಬರ್‌ನಲ್ಲಿ ರಾತ್ರಿಯ ಚಳಿ ಹಿಡಿದಾಗ ವೈನಿಯವರ ಗಿಡದಲ್ಲಿ ಮತ್ತೊಂದು ಮೊಳಕೆ ಕಾಣಿಸಿತು. ಈ ಸಲ ಅದು ಬೇರಲ್ಲ. ಬೇರಿನ ತುದಿ ಗುಂಡಗೆ, ನುಣ್ಣಗೆ ಇರುತ್ತದೆ. ಇದರ ತುದಿ ಚಪ್ಪಟೆ, ಒಂದು ಬದಿಗೆ ಚಿಕ್ಕ ಪೊರೆ, ಮುಖ ಮೇಲಕ್ಕೆ. ಹೂವಿನ ದಂಟು. ರಾತ್ರಿಯ ಉಷ್ಣತೆ ಕೆಲವು ವಾರ 15ರಿಂದ 18 ಡಿಗ್ರಿಗೆ ಇಳಿದರೆ ಫೆಲನಾಪ್ಸಿಸ್ ಹೂವಿನ ದಂಟು ಹೊರಡಿಸುತ್ತದೆ. ನಮ್ಮೂರಿನ ಚಳಿಗಾಲ ಅದಕ್ಕೆ ಸರಿಯಾಗಿ ಒಪ್ಪುತ್ತದೆ. ವೈನಿಯವರ ಖುಷಿ ಹೇಳತೀರದು. ನಾನು ಮಾತ್ರ ದಂಟು ಕತ್ತರಿಸಿ ಅಂದೆ. ಗಿಡದಲ್ಲಿ ಗಟ್ಟಿ ಎಲೆ ಒಂದೇ, ಬೇರು ಇನ್ನೂ ಎಳೆಯವು. ಹೂವು ಬಿಡಲು ಅದು ಇದ್ದಬದ್ದ ಶಕ್ತಿಯನ್ನೆಲ್ಲ ಸುರಿಯುತ್ತದೆ, ಆಮೇಲೆ ಬೇಸಿಗೆ ತಡೆಯುವುದಿಲ್ಲ. "ಅಲ್ರಿ, ಹೂವಿನ ಸಲುವಾಗೇ ಅಲ್ಲೇನ್ರಿ ಇಷ್ಟ ದಿನಾ ಜ್ವಾಕಿ ಮಾಡಿದ್ದು?" ಅಂತ ಅವರು ಒಪ್ಪಲಿಲ್ಲ. ಒತ್ತಾಯ ಮಾಡುವುದು ನನಗೂ ಸರಿ ಅನಿಸಲಿಲ್ಲ. ವಾರ ಕಳೆಯುವುದರಲ್ಲಿ ಹೊಸ ಎಲೆ ಬೆಳೆಯುವುದು ನಿಂತಿತು. ಅದನ್ನು ಅವರೇ ಗಮನಿಸಿ, ಕತ್ತರಿ ಕಾಯಿಸಿ, ದಂಟು ತೆಗೆದು, ಗಾಯದ ತುದಿಗೆ ದಾಲ್ಚಿನ್ನಿ ಹಚ್ಚಿ ನನಗೆ ತೋರಿಸಲು ತಂದರು. ಸಂಕ್ರಾಂತಿಗೆ ಎಲೆ ಮತ್ತೆ ಬೆಳೆಯತೊಡಗಿತ್ತು.

ಯುಗಾದಿ ಹತ್ತಿರ ಬಂತು. ಗಿಡವನ್ನು ಮೂಡಣ ಕಿಟಕಿಯಿಂದ ಎರಡು ಮೊಳ ಒಳಗೆ ಸರಿಸಿ, ಕೂಲರಿನ ಪ್ಯಾಡ್ ಬದಲಿಸಿಕೊಳ್ಳಿ ಅಂತ ವೈನಿಯವರಿಗೆ ಹೇಳಿದ್ದೇನೆ. ಡ್ರಮ್ಮಿನಲ್ಲಿ ಮಳೆನೀರು ಇನ್ನೂ ಅರ್ಧ ಇದೆ.